300 ಓಮ್ ಹೆಡ್‌ಫೋನ್‌ಗೆ ಆಂಪ್ ಬೇಕೇ ಬೇಕಾ?

ಪ್ರಶ್ನೆ: ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 650 ಇದೆ, 300 ಓಮ್‌ನದು (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಆಂಡ್ರಾಯ್ಡ್ ಫೋನಿಗೆ ಆಪಲ್‌ನ ಪುಟ್ಟ ಯುಎಸ್‌ಬಿ-ಸಿ ಡಾಂಗಲ್ (ಹೆಡ್‌ಫೋನ್ ಜ್ಯಾಕ್ ಕೊಡುವ ತುಂಡು) ಹಾಕಿ ಕೇಳುತ್ತೇನೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಸಾಲದು. ಬೇಸ್ ತೆಳು ಅನಿಸುತ್ತದೆ. ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಇಲ್ಲದಿದ್ದರೆ ಈ ಹೆಡ್‌ಫೋನ್ ದಂಡ ಅಂತ ಕೆಲವರು ಹೇಳುತ್ತಾರೆ. ಬ್ಯಾಲೆನ್ಸ್‌ಡ್ ಆಗಿರಲೇಬೇಕು ಅಂತ ಒಬ್ಬರು, ಟ್ಯೂಬ್ ಆಂಪ್ (ಹಳೆಯ ರೇಡಿಯೊಗಳಲ್ಲಿದ್ದಂಥ ನಿರ್ವಾತ ಕೊಳವೆಯದು) ತಗೊಳ್ಳಿ ಅಂತ ಇನ್ನೊಬ್ಬರು. ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. ಒಂದು ಐಇಎಂ (ಕಿವಿಯೊಳಗೆ ಕೂರುವ ಇಯರ್‌ಫೋನ್) ಕೂಡ ಇದೆ, ಮುಂದೆ ಒಂದು ಪ್ಲೇನರ್ (ತೆಳು ಹಾಳೆಯಂಥ ಪರದೆ ಕಂಪಿಸಿ ಸದ್ದು ಮಾಡುವ ಹೆಡ್‌ಫೋನ್) ಕೊಳ್ಳುವ ಆಸೆಯೂ ಇದೆ. ಎಲ್ಲಕ್ಕೂ ಒಂದೇ ಆಂಪ್ ಸಾಕಾ? ಮೈಕ್ ಇರುವ ಹೆಡ್‌ಸೆಟ್ ಅದಕ್ಕೆ ಹಾಕಬಹುದಾ?

ಉತ್ತರ: ಆಂಪ್ ಹುಡುಕುವ ಮೊದಲು ಡಾಂಗಲ್ ಮೇಲಿನ ಒಂದು ಅನುಮಾನ ಬಗೆಹರಿಸಿಕೊಳ್ಳೋಣ. ಆಪಲ್‌ನ ಆ ಡಾಂಗಲ್ ಪೂರ್ತಿ ವಾಲ್ಯೂಮ್‌ನಲ್ಲಿ 1 ವೋಲ್ಟ್ ಕೊಡುತ್ತದೆ. ಯುರೋಪಿನಲ್ಲಿ ಮಾರುವ ಮಾದರಿಯಾದರೆ ಅರ್ಧ ವೋಲ್ಟ್. ಆದರೆ ಡಾಂಗಲ್ ಒಳಗೆ ಅದರದ್ದೇ ಒಂದು ವಾಲ್ಯೂಮ್ ಮಟ್ಟ ಇರುತ್ತದೆ. ಹಲವು ಆಂಡ್ರಾಯ್ಡ್ ಫೋನ್‌ಗಳು ಆ ಒಳಗಿನ ಮಟ್ಟವನ್ನು ಮುಟ್ಟುವುದೇ ಇಲ್ಲ, ತಮ್ಮ ವಾಲ್ಯೂಮ್ ಮಾತ್ರ ಏರಿಸುತ್ತವೆ. ಪರದೆ ಮೇಲೆ ಪಟ್ಟಿ ತುಂಬಿರುತ್ತದೆ, ಡಾಂಗಲ್ ಮಾತ್ರ ಅರೆಬರೆ ತೆರೆದಿರುತ್ತದೆ. ನಿಮಗೆ ಸದ್ದು ಸಾಲದೇ ಇರುವುದಕ್ಕೆ ಇದೇ ಕಾರಣ ಇರಬಹುದು.

ಪರೀಕ್ಷೆ ಸುಲಭ. ಅದೇ ಡಾಂಗಲ್ಲನ್ನು ಲ್ಯಾಪ್‌ಟಾಪಿಗೆ ಹಾಕಿ, ಅದೇ ಹಾಡು ಕೇಳಿ. ಸದ್ದು ಗಮನಾರ್ಹವಾಗಿ ಜಾಸ್ತಿಯಾದರೆ ತಪ್ಪು ಹೆಡ್‌ಫೋನಿನದ್ದಲ್ಲ, ಆಂಪ್ ಇಲ್ಲದ್ದೂ ಅಲ್ಲ. ಫೋನಿನಲ್ಲೇ ಕೇಳಬೇಕು ಅಂದರೆ, ಆಂಡ್ರಾಯ್ಡ್‌ನ ದಾರಿ ಬಿಟ್ಟು ನೇರವಾಗಿ ಯುಎಸ್‌ಬಿ ಸಾಧನದ ಜೊತೆ ಮಾತಾಡುವ ಪ್ಲೇಯರ್ ಆಪ್‌ಗಳಿವೆ, ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ ಥರದವು. ಅವು ಡಾಂಗಲ್ ಒಳಗಿನ ವಾಲ್ಯೂಮನ್ನು ಪೂರ್ತಿ ಏರಿಸಬಲ್ಲವು.

ಇನ್ನು ಬೇಸ್ ತೆಳು ಅನ್ನುವ ದೂರು. ಎಚ್‌ಡಿ 650 ತೆಳು ದನಿಯ ಹೆಡ್‌ಫೋನ್ ಅಂತ ಯಾರೂ ಹೇಳುವುದಿಲ್ಲ, ಸ್ವಲ್ಪ ಬೆಚ್ಚಗಿನ ದನಿ ಅಂತಲೇ ಅದಕ್ಕೆ ಹೆಸರು. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಮೊದಲು ಮಾಯವಾಗುವುದು ಬೇಸ್. ಇದನ್ನು ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಸದ್ದು ಏರಿದರೆ ಬೇಸ್ ತಾನಾಗೇ ತುಂಬಿಕೊಳ್ಳುತ್ತದೆ. ಆಂಪ್ ಹಾಕಿದ ಕೂಡಲೇ ಹೆಡ್‌ಫೋನಿಗೆ ಜೀವ ಬಂತು ಅನ್ನುವವರಲ್ಲಿ ಬಹಳಷ್ಟು ಜನ ಕೇಳುತ್ತಿರುವುದು ಇದನ್ನೇ: ಸದ್ದು ನಾಲ್ಕು ಡೆಸಿಬಲ್ ಏರಿದೆ, ಅಷ್ಟೇ. ಹಾಗಂತ ಎಚ್‌ಡಿ 650ರಲ್ಲಿ ತೀರಾ ಕೆಳಗಿನ ಬೇಸ್ ನಿಜವಾಗಿಯೂ ಇಳಿಮುಖವೇ. ಅದು ಡ್ರೈವರ್‌ನ, ಅಂದರೆ ಒಳಗೆ ಸದ್ದು ಹುಟ್ಟಿಸುವ ಭಾಗದ, ಗುಣ. ಎಂಥ ಆಂಪ್ ತಂದರೂ ಅದು ಬದಲಾಗದು. ಬೇಕಿದ್ದರೆ ಈಕ್ವಲೈಸರ್‌ನಲ್ಲಿ ಏರಿಸಿಕೊಳ್ಳಬೇಕು.

ಈಗ ಓಮ್ ವಿಚಾರಕ್ಕೆ ಬರೋಣ. ಓಮ್ ಜಾಸ್ತಿ ಇದ್ದರೆ ಆಂಪ್ ಬೇಕು, ಕಡಿಮೆ ಇದ್ದರೆ ಬೇಡ ಅನ್ನುವುದು ಅರ್ಧ ಸತ್ಯ. ಉಳಿದರ್ಧ ಸೆನ್ಸಿಟಿವಿಟಿಯಲ್ಲಿದೆ. ಅಂದರೆ ಇಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಸದ್ದು ಮಾಡುತ್ತದೆ ಅನ್ನುವ ಅಂಕಿ. ಇದನ್ನು ಕಂಪನಿಗಳು ಎರಡು ರೀತಿ ಬರೆಯುತ್ತವೆ. ಕೆಲವರು 1 ಮಿಲಿವ್ಯಾಟ್‌ಗೆ ಇಷ್ಟು ಡೆಸಿಬಲ್ ಅಂತಾರೆ, ಕೆಲವರು 1 ವೋಲ್ಟ್‌ಗೆ ಇಷ್ಟು ಅಂತಾರೆ. ಎರಡನ್ನೂ ಬೆರೆಸಿ ಹೋಲಿಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. 32 ಓಮ್ ಹೆಡ್‌ಫೋನಿನಲ್ಲಿ ಈ ಎರಡು ಅಂಕಿಗಳ ನಡುವೆ ಸುಮಾರು 15 ಡೆಸಿಬಲ್ ಅಂತರ ಇರುತ್ತದೆ, 300 ಓಮ್‌ನದರಲ್ಲಿ ಸುಮಾರು 5. ಆದ್ದರಿಂದ ಪೆಟ್ಟಿಗೆ ಮೇಲೆ ಬರೀ ಡೆಸಿಬಲ್ ಇದ್ದು ಯಾವುದಕ್ಕೆ ಅಂತ ಬರೆಯದಿದ್ದರೆ ಆ ಅಂಕಿಯನ್ನು ನಂಬಿ ದುಡ್ಡು ಕೊಡಬೇಡಿ.

ನಿಮ್ಮ ಎಚ್‌ಡಿ 650ರದು 1 ವೋಲ್ಟ್‌ಗೆ 103 ಡೆಸಿಬಲ್. ಇದರಿಂದ ಲೆಕ್ಕ ಶುರು ಮಾಡಬಹುದು. ವೋಲ್ಟೇಜ್ ಎರಡರಷ್ಟಾದರೆ 6 ಡೆಸಿಬಲ್ ಏರುತ್ತದೆ. 1 ವೋಲ್ಟ್‌ನಲ್ಲಿ 103, 2 ವೋಲ್ಟ್‌ನಲ್ಲಿ 109, ಅರ್ಧ ವೋಲ್ಟ್‌ನಲ್ಲಿ 97. ಇವು ಹಾಡಿನ ಅತಿ ಜೋರಿನ ಕ್ಷಣದ ಅಂಕಿಗಳು, ಸರಾಸರಿ ಅಲ್ಲ. ಸಾಮಾನ್ಯವಾಗಿ ನಾವು ಕೇಳುವ ಸರಾಸರಿ 75ರಿಂದ 80 ಡೆಸಿಬಲ್. ಹೊಸ ಸಿನಿಮಾ ಹಾಡುಗಳು ಇಡೀ ಹಾಡೇ ಜೋರಾಗಿರುವಂತೆ ಮಾಡಿರುತ್ತಾರೆ, ಅವುಗಳಲ್ಲಿ ಜೋರಿನ ಕ್ಷಣ ಸರಾಸರಿಗಿಂತ ಹತ್ತು ಡೆಸಿಬಲ್ ಮೇಲೆ ಹೋದರೆ ಹೆಚ್ಚು. ಆದರೆ ದೊಡ್ಡ ಆರ್ಕೆಸ್ಟ್ರಾ ಅಥವಾ ಮೆತ್ತಗೆ ಮುದ್ರಿಸಿದ ಹಳೆಯ ಸಂಗೀತ ಕಚೇರಿಯಲ್ಲಿ ಇದು 20–25 ಡೆಸಿಬಲ್ ಮೇಲೆ ಹೋಗಬಹುದು. ತಂಬೂರಿಯ ನಾದ ಹಿತವಾಗಿ ಕೇಳುವಷ್ಟು ಏರಿಸಿ ಕೂತಿರುತ್ತೀರಿ, ತನಿ ಆವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೂ ಆಂಪ್‌ನಲ್ಲಿ ಜಾಗ ಇರಬೇಕು. ಇದಕ್ಕೇ ನಾನು 110 ಡೆಸಿಬಲ್‌ನ ಜೋರಿನ ಕ್ಷಣವನ್ನು ಗುರಿ ಇಟ್ಟುಕೊಳ್ಳುತ್ತೇನೆ. ಅಷ್ಟು ಜೋರಾಗಿ ಕೇಳಿ ಅಂತಲ್ಲ, ಅಷ್ಟು ಅವಕಾಶ ಇರಲಿ ಅಂತ.

ಎಚ್‌ಡಿ 650ರಲ್ಲಿ 110 ಡೆಸಿಬಲ್ ಮುಟ್ಟಲು ಬೇಕಾಗುವುದು ಸುಮಾರು 2.2 ವೋಲ್ಟ್. ಪವರ್ ಲೆಕ್ಕದಲ್ಲಿ ಸುಮಾರು 17 ಮಿಲಿವ್ಯಾಟ್. ಹರಿಯುವ ಕರೆಂಟ್ 8 ಮಿಲಿಆಂಪಿಯರ್ ಕೂಡ ಇಲ್ಲ. ನೋಡಿ, 300 ಓಮ್ ಅಂತ ಹೆದರಿಸುವ ಹೆಡ್‌ಫೋನ್ ಕೇಳುವುದು ಇಷ್ಟೇ. ಅದಕ್ಕೆ ವೋಲ್ಟೇಜ್ ಬೇಕು, ಪವರ್ ಬೇಡ.

ಪ್ಲೇನರ್ ಇದಕ್ಕೆ ತಿರುಗಾ ಮುರುಗಾ. 32 ಓಮ್, 1 ಮಿಲಿವ್ಯಾಟ್‌ಗೆ 91 ಡೆಸಿಬಲ್ ಇರುವ ಒಂದು ಪ್ಲೇನರ್ ತಗೊಳ್ಳಿ, ಅಗ್ಗದ ಪ್ಲೇನರ್‌ಗಳು ಹೆಚ್ಚುಕಮ್ಮಿ ಈ ಸುತ್ತಮುತ್ತಲೇ ಇರುತ್ತವೆ. 110 ಡೆಸಿಬಲ್‌ಗೆ ಅದು ಕೇಳುವುದು ಸುಮಾರು 80 ಮಿಲಿವ್ಯಾಟ್. ವೋಲ್ಟೇಜ್ 1.6, ಎಚ್‌ಡಿ 650ಗಿಂತ ಕಡಿಮೆಯೇ. ಕರೆಂಟ್ ಮಾತ್ರ 50 ಮಿಲಿಆಂಪಿಯರ್, ಅಂದರೆ ಆರೇಳು ಪಟ್ಟು ಜಾಸ್ತಿ. ಎಚ್‌ಡಿ 650ಯನ್ನು ಚೆನ್ನಾಗಿ ಓಡಿಸುವ ಸಣ್ಣ ಡಾಂಗಲ್ ಈ ಪ್ಲೇನರ್ ಮುಂದೆ ಏದುಸಿರು ಬಿಡುವುದು ಇಲ್ಲೇ. ವೋಲ್ಟೇಜ್ ಇದೆ, ಕರೆಂಟ್ ಕೊಡಲಾಗದು, ಜೋರಿನ ಕ್ಷಣದಲ್ಲಿ ದನಿ ಒಡೆಯುತ್ತದೆ. ಹೈಫೈಮ್ಯಾನ್‌ನ ಹಳೆಯ ಎಚ್‌ಇ-6 ಥರದ ಮೊಂಡು ಪ್ಲೇನರ್ ಆದರೆ (50 ಓಮ್, 1 ಮಿಲಿವ್ಯಾಟ್‌ಗೆ 83.5 ಡೆಸಿಬಲ್) ಬೇಕಾಗುವುದು 450 ಮಿಲಿವ್ಯಾಟ್ ಹತ್ತಿರ. ಓಮ್ ನೋಡಿ ಕೊಂಡರೆ 50 ಓಮ್ ತಾನೆ, ಸಲೀಸು ಅನ್ನಿಸುತ್ತಿತ್ತು ಅಲ್ವಾ?

ಐಇಎಂ ಇನ್ನೊಂದು ತುದಿ. 16 ಓಮ್, ಮಿಲಿವ್ಯಾಟ್‌ಗೆ 110 ಡೆಸಿಬಲ್ ಅಂದುಕೊಳ್ಳಿ. ಕಿವಿ ಹರಿಯುವಷ್ಟು ಸದ್ದಿಗೆ ಅದಕ್ಕೆ ಸಾಕಾಗುವುದು ಸುಮಾರು 0.13 ವೋಲ್ಟ್. ಹಿತವಾದ 80 ಡೆಸಿಬಲ್‌ಗೆ ಬೇಕಾಗುವುದು 4 ಮಿಲಿವೋಲ್ಟ್! ಇಲ್ಲಿ ಸಮಸ್ಯೆ ಶಕ್ತಿಯ ಕೊರತೆ ಅಲ್ಲ, ಶಕ್ತಿ ಜಾಸ್ತಿಯಾಗುವುದು. ಇದರಿಂದ ಎರಡು ಉಪದ್ರವ ಬರುತ್ತವೆ.

ಮೊದಲನೆಯದು ಸುಂಯ್ ಅನ್ನುವ ಸದ್ದು. ಪ್ರತಿ ಆಂಪ್‌ಗೂ ತನ್ನದೇ ಒಂದು ಗದ್ದಲ ಇರುತ್ತದೆ, ಮೈಕ್ರೋವೋಲ್ಟ್ ಲೆಕ್ಕದಲ್ಲಿ. ಅದು 10 ಮೈಕ್ರೋವೋಲ್ಟ್ ಇದ್ದರೆ ಮೇಲಿನ ಐಇಎಂನಲ್ಲಿ 28 ಡೆಸಿಬಲ್ ಸದ್ದಾಗುತ್ತದೆ, ನಿಶ್ಶಬ್ದ ಕೋಣೆಯಲ್ಲಿ ಹಾಡುಗಳ ನಡುವೆ ಕಿವಿಗೆ ಬೀಳುತ್ತದೆ. 2 ಮೈಕ್ರೋವೋಲ್ಟ್ ಇದ್ದರೆ 14 ಡೆಸಿಬಲ್, ಕೇಳಿಸಿದರೆ ಕೇಳಿ. ಅದೇ 10 ಮೈಕ್ರೋವೋಲ್ಟ್ ಎಚ್‌ಡಿ 650ರಲ್ಲಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಹಾಗಾಗಿ ಒಬ್ಬರು ಆಂಪ್ ಪೂರ್ತಿ ನಿಶ್ಶಬ್ದ ಅಂದರೆ, ಇನ್ನೊಬ್ಬರು ಅದೇ ಆಂಪ್ ಸುಂಯ್ ಅನ್ನುತ್ತೆ ಅಂದರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಿವಿಯಲ್ಲಿರುವುದು ಬೇರೆ ಬೇರೆ.

ಎರಡನೆಯದು ವಾಲ್ಯೂಮ್ ಗುಂಡಿಯದು. ಡ್ಯಾಕ್‌ಗಳು (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ವಿದ್ಯುತ್ ಸಂಕೇತ ಮಾಡುವ ಸಾಧನಗಳು) ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಆಂಪ್ ಅದನ್ನು ಐದು ಪಟ್ಟು ಹೆಚ್ಚಿಸುವ ಹೈ ಗೇನ್‌ನಲ್ಲಿದ್ದರೆ 10 ವೋಲ್ಟ್ ತನಕ ಹೋಗಬಹುದು. ಅದರಲ್ಲಿ ನಿಮಗೆ ಬೇಕಾದ್ದು 4 ಮಿಲಿವೋಲ್ಟ್. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವಷ್ಟರಲ್ಲಿ ಸದ್ದು ಸಾಕಾಗುತ್ತದೆ. ಅಗ್ಗದ ಗುಂಡಿಗಳು ಆ ಬುಡದಲ್ಲಿ ಎಡ ಬಲ ಸರಿಸಮ ಇರುವುದಿಲ್ಲ, ಹಾಡು ಒಂದು ಕಿವಿಗೆ ವಾಲುತ್ತದೆ. ಆಂಪ್ ಕೆಟ್ಟಿದೆ ಅಂತ ಎಷ್ಟೋ ಜನ ವಾಪಸ್ ಕಳಿಸುತ್ತಾರೆ. ಲೋ ಗೇನ್‌ಗೆ ಹಾಕಿ, ಕಂಪ್ಯೂಟರಿನ ವಾಲ್ಯೂಮನ್ನು 15–20 ಡೆಸಿಬಲ್ ಇಳಿಸಿ, ಗುಂಡಿಯನ್ನು ಗಡಿಯಾರದ ಹತ್ತರ ಜಾಗಕ್ಕಾದರೂ ತನ್ನಿ. ಸರಿಯಾಗುತ್ತದೆ. ನಿಮ್ಮ ಹಾಗೆ ಐಇಎಂ, ಪ್ಲೇನರ್ ಎರಡನ್ನೂ ಇಟ್ಟುಕೊಳ್ಳುವವರು ಗೇನ್ ಸ್ವಿಚ್ ಇಲ್ಲದ ಆಂಪ್ ಕೊಳ್ಳಲೇಬಾರದು. ಲೋ ಗೇನ್ ಅಂದರೆ ಒಂದು ಪಟ್ಟು, ಅಂದರೆ ಹೆಚ್ಚಿಸದೇ ಇರುವುದು, ಆಗಿದ್ದರೆ ಒಳ್ಳೆಯದು.

ಮೂರನೆಯ ಅಂಕಿ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್‌ನ ಒಳಗಿನ ಓಮ್. ಜೋಡಿ ಕೂಡಿಸುವ ಕೆಲಸದಲ್ಲಿ ದನಿಯ ಬಣ್ಣ ನಿಜವಾಗಿ ಬದಲಾಗುವುದು ಇಲ್ಲಿ, ಉಳಿದ ಕಡೆ ಬದಲಾಯಿತು ಅನಿಸುವುದೇ ಜಾಸ್ತಿ. ಹೆಡ್‌ಫೋನಿನ ಓಮ್ ಎಲ್ಲಾ ಸ್ವರಕ್ಕೂ ಒಂದೇ ಇರುವುದಿಲ್ಲ. ಎಚ್‌ಡಿ 650 ಅನ್ನು 300 ಅಂತ ಕರೆದರೂ 100 ಹರ್ಟ್ಸ್ ಆಸುಪಾಸಿನಲ್ಲಿ ಅದು 500ರ ಹತ್ತಿರ ಏರುತ್ತದೆ. ಆಂಪ್‌ನ ಒಳಗೂ ಒಂದಷ್ಟು ಓಮ್ ಅಡ್ಡ ಇದ್ದರೆ, ವೋಲ್ಟೇಜ್ ಇಬ್ಬರ ನಡುವೆ ಹಂಚಿಹೋಗುತ್ತದೆ. ಹೆಡ್‌ಫೋನಿನ ಓಮ್ ಏರಿದ ಜಾಗದಲ್ಲಿ ಅದಕ್ಕೆ ಪಾಲು ಜಾಸ್ತಿ ಸಿಗುತ್ತದೆ, ಅಲ್ಲಿ ದನಿ ಉಬ್ಬುತ್ತದೆ. ಐಇಸಿ 61938 ಎನ್ನುವ ಮಾನದಂಡ 1996ರಲ್ಲಿ ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಇರಲಿ ಎಂದು ಸೂಚಿಸಿತ್ತು. ಅಂಥ ಜ್ಯಾಕ್‌ಗೆ ಎಚ್‌ಡಿ 650 ಹಾಕಿದರೆ ಬೇಸ್ ಸುಮಾರು 1 ಡೆಸಿಬಲ್ ಉಬ್ಬುತ್ತದೆ. ಕೆಲವರಿಗೆ ಅದು ಇಷ್ಟವೂ ಆಗುತ್ತದೆ.

ಐಇಎಂ ವಿಷಯದಲ್ಲಿ ಇಷ್ಟು ಸೌಮ್ಯವಾಗಿ ಮುಗಿಯುವುದಿಲ್ಲ. ಒಳಗೆ ನಾಲ್ಕೈದು ಪುಟ್ಟ ಡ್ರೈವರ್ ಇರುವ ಐಇಎಂ ಒಂದು ಸ್ವರಕ್ಕೆ 10 ಓಮ್, ಇನ್ನೊಂದಕ್ಕೆ 40 ಓಮ್ ತೋರಿಸಬಹುದು. ಆಂಪ್‌ನದು 10 ಓಮ್ ಇದ್ದರೆ ಎರಡರ ನಡುವೆ 4 ಡೆಸಿಬಲ್ ವ್ಯತ್ಯಾಸ ಬೀಳುತ್ತದೆ. ಅದು ಬೇರೆಯದೇ ಇಯರ್‌ಫೋನ್ ಆದಂತೆ. ಪ್ಲೇನರ್‌ಗಳ ಓಮ್ ಮಾತ್ರ ಎಲ್ಲಾ ಸ್ವರಕ್ಕೂ ಹೆಚ್ಚುಕಮ್ಮಿ ಒಂದೇ, ಅವುಗಳ ಬಣ್ಣ ಬದಲಾಗುವುದಿಲ್ಲ, ಸದ್ದು ತುಸು ಇಳಿಯುತ್ತದೆ ಅಷ್ಟೇ. ಆಂಪ್‌ನ ಓಮ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನುವುದು ಚಾಲ್ತಿಯಲ್ಲಿರುವ ಸೂತ್ರ. 16 ಓಮ್ ಐಇಎಂಗೆ 2 ಓಮ್. ನನ್ನನ್ನು ಕೇಳಿದರೆ 1 ಓಮ್‌ಗಿಂತ ಕಡಿಮೆ ಇರುವುದನ್ನೇ ಹುಡುಕಿ. ಈಗ ಅಗ್ಗದ ಆಂಪ್‌ಗಳಲ್ಲೂ ಅದು ಸಿಗುತ್ತದೆ.

ಅಗ್ಗದ ಆಂಪ್‌ಗಳು ಇಷ್ಟು ಸುಧಾರಿಸಿದ್ದಕ್ಕೆ ಒಂದು ಸಣ್ಣ ಕಥೆ ಇದೆ. ಎನ್‌ಡಬ್ಲ್ಯೂಎವಿಗೈ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಅನಾಮಿಕ ಎಂಜಿನಿಯರ್ ಒಬ್ಬರು 2011ರಲ್ಲಿ ಒ2 ಎಂಬ ಆಂಪ್ ವಿನ್ಯಾಸವನ್ನು, ಅಳತೆಗಳ ಸಮೇತ, ಎಲ್ಲರಿಗೂ ಕೊಟ್ಟುಬಿಟ್ಟರು. ದುಬಾರಿ ಆಂಪ್‌ಗಳನ್ನೂ ಮೀಟರ್ ಮುಂದೆ ಕೂರಿಸಿ ಅವುಗಳ ಬಂಡವಾಳ ಬಯಲು ಮಾಡುತ್ತಿದ್ದರು. 2012ರಲ್ಲಿ ಬರೆಯುವುದನ್ನು ಒಮ್ಮೆಗೇ ನಿಲ್ಲಿಸಿದರು, ಆಮೇಲೆ ಪತ್ತೆ ಇಲ್ಲ. ಆದರೆ ಅಳತೆ ತೋರಿಸದೆ ಆಂಪ್ ಮಾರುವುದು ಅಲ್ಲಿಂದ ಕಷ್ಟವಾಯಿತು. ಒ2 ತಯಾರಿಸಿ ಮಾರುತ್ತಿದ್ದ ಜೆಡಿಎಸ್ ಲ್ಯಾಬ್ಸ್ 2018ರಲ್ಲಿ ಆಟಂ ತಂದಿತು. ಶಿಟ್ ಆಡಿಯೊದ ಮ್ಯಾಗ್ನಿ, ಟಾಪಿಂಗ್‌ನ ಎಲ್30 ಇವೆಲ್ಲ ಅದೇ ಅಂಕಣದ ಆಟಗಾರರು. ಇವುಗಳ ಗದ್ದಲ, ವಿರೂಪ ಎರಡೂ ಕಿವಿಗೆ ಎಟುಕದಷ್ಟು ಕೆಳಗಿವೆ. ಇವುಗಳಲ್ಲಿ ಯಾವುದು ಚೆನ್ನಾಗಿ ಹಾಡುತ್ತದೆ ಅಂತ ಕೇಳಿದರೆ ನನ್ನ ಉತ್ತರ: ಗುಂಡಿ ಯಾವುದರದ್ದು ಕೈಗೆ ಹಿತ, ರಿಪೇರಿ ಯಾವುದಕ್ಕೆ ಸುಲಭ ಅಂತ ನೋಡಿ ತಗೊಳ್ಳಿ.

ಒಂದು ಎಚ್ಚರ. ಆಟಂ, ಮ್ಯಾಗ್ನಿ, ಎಲ್30 ಸಾಮಾನ್ಯವಾಗಿ ಬರೀ ಆಂಪ್‌ಗಳು, ಯುಎಸ್‌ಬಿ ಇರುವುದಿಲ್ಲ. ಹಿಂದೆ ಒಂದು ಡ್ಯಾಕ್ ಬೇಕು. ನಿಮ್ಮ ಡಾಂಗಲ್ಲೇ ಆ ಕೆಲಸ ಮಾಡಬಲ್ಲದು. ಲ್ಯಾಪ್‌ಟಾಪಿಗೆ ಹಾಕಿ ಪೂರ್ತಿ ಏರಿಸಿ, 3.5 ಮಿಲಿಮೀಟರ್ ಪಿನ್‌ನಿಂದ ಎರಡು ಆರ್‌ಸಿಎಗೆ (ಕೆಂಪು-ಬಿಳಿ ಬಣ್ಣದ ಆಡಿಯೊ ಪಿನ್‌ಗಳು) ಹೋಗುವ ಕೇಬಲ್ ಹಾಕಿದರೆ ಆಯಿತು. ಆಂಪ್ ಮೇಲೆ ಆಂಪ್ ಹಾಕಬಾರದು ಅಂತ ಬಯ್ಯುವವರಿರುತ್ತಾರೆ. ಹೆಡ್‌ಫೋನ್ ಔಟ್ ಸ್ವಚ್ಛವಾಗಿದ್ದರೆ ಅದರಿಂದ ಏನೂ ಕೆಡುವುದಿಲ್ಲ. ಎರಡು ಪೆಟ್ಟಿಗೆಯ ರಗಳೆ ಬೇಡ ಅಂದರೆ ಡ್ಯಾಕ್, ಆಂಪ್ ಎರಡೂ ಒಂದರಲ್ಲೇ ಇರುವುದು ತಗೊಳ್ಳಿ, ಫಿಯೊ ಕೆ11 ಥರದ್ದು. ಮೇಜಿನ ಮೇಲೆ ಕೇಳುವವರಿಗೆ ಇದೇ ಸಲೀಸು ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಮೂರು ಹೆಡ್‌ಫೋನ್‌ಗಳ ಲೆಕ್ಕಕ್ಕೆ ಬರೋಣ. ಪ್ಲೇನರ್ ಇನ್ನೂ ಆಸೆಯ ಹಂತದಲ್ಲಿದ್ದರೆ ಮೇಜಿನ ಆಂಪ್ ಬೇಡ. 2 ವೋಲ್ಟ್ ಕೊಡುವ ಡಾಂಗಲ್ ಒಂದನ್ನು ತಗೊಳ್ಳಿ. ಎಚ್‌ಡಿ 650ಗೆ 109 ಡೆಸಿಬಲ್ ತನಕ ಹೋಗುತ್ತದೆ, ಐಇಎಂಗೂ ಸರಿ, ಜೇಬಿನಲ್ಲೂ ಕೂರುತ್ತದೆ. ಕೊಳ್ಳುವಾಗ 2 ವೋಲ್ಟ್ ಅನ್ನುವುದು 3.5 ಮಿಲಿಮೀಟರ್ ಜ್ಯಾಕಿನದ್ದೋ, 4.4 ಮಿಲಿಮೀಟರ್ ಬ್ಯಾಲೆನ್ಸ್‌ಡ್ ಜ್ಯಾಕಿನದ್ದೋ ನೋಡಿ. ದೊಡ್ಡ ಅಕ್ಷರದಲ್ಲಿ ಬರೆಯುವುದು ಎರಡನೆಯದನ್ನು. ಪ್ಲೇನರ್ ಕೊಳ್ಳುವುದು ಖಾತ್ರಿ ಅಂದರೆ ಮೇಜಿನ ಆಂಪ್‌ಗೆ ಅರ್ಥ ಇದೆ. 32 ಓಮ್‌ನಲ್ಲಿ 500 ಮಿಲಿವ್ಯಾಟ್ ಕೊಡುವುದಾದರೆ ಬಹುಪಾಲು ಪ್ಲೇನರ್‌ಗೆ ಧಾರಾಳ ಆಯಿತು. ಹಾಗೆಯೇ ಈಕ್ವಲೈಸರ್‌ನಲ್ಲಿ ಬೇಸ್ 6 ಡೆಸಿಬಲ್ ಏರಿಸುವವರಾದರೆ ಒಡೆಯದಿರಲು ಒಟ್ಟು ದನಿಯನ್ನು 6 ಡೆಸಿಬಲ್ ಇಳಿಸಬೇಕಾಗುತ್ತದೆ. ಅದನ್ನು ತುಂಬಿಕೊಡಲು ಎರಡು ಪಟ್ಟು ವೋಲ್ಟೇಜ್, ನಾಲ್ಕು ಪಟ್ಟು ಪವರ್ ಬೇಕು. ಇಂಥವರಿಗೂ ಮೇಜಿನ ಆಂಪ್ ದಂಡ ಅಲ್ಲ.

ಜಾಹೀರಾತಿನ ವ್ಯಾಟ್ ನೋಡಿ ಮರುಳಾಗಬೇಡಿ. 32 ಓಮ್‌ಗೆ 1 ವ್ಯಾಟ್ ಕೊಡುವ ಆಂಪ್ ಅಂದರೆ 5.7 ವೋಲ್ಟ್ ಏರುವ ಆಂಪ್ ಅಂತ ಅರ್ಥ. ಅದೇ ಆಂಪ್ 300 ಓಮ್‌ಗೆ ಕೊಡುವುದು ಸುಮಾರು 107 ಮಿಲಿವ್ಯಾಟ್. ಕಡಿಮೆ ಆಯಿತು ಅಂತ ಗಾಬರಿ ಬೀಳುವವರಿದ್ದಾರೆ. ಎಚ್‌ಡಿ 650 ಕೇಳುವುದು 17 ಅಂತ ಮೇಲೆ ನೋಡಿದೆವಲ್ಲ. ಇನ್ನು 1 ವ್ಯಾಟ್ ಬದಲು 2 ವ್ಯಾಟ್ ಅಂದರೆ ಸಿಗುವುದು ಬರೀ 3 ಡೆಸಿಬಲ್. ಸದ್ದು ಎರಡರಷ್ಟು ಅನಿಸಬೇಕಾದರೆ ಹೆಚ್ಚುಕಮ್ಮಿ ಹತ್ತು ಪಟ್ಟು ಪವರ್ ಬೇಕು. ಎರಡು ಆಂಪ್ ನಡುವೆ ವ್ಯಾಟ್ ದುಪ್ಪಟ್ಟು, ಬೆಲೆಯೂ ದುಪ್ಪಟ್ಟು ಇದ್ದರೆ ಯಾವುದನ್ನು ಬಿಡಬೇಕು ಅಂತ ನೀವೇ ಹೇಳಬಲ್ಲಿರಿ.

ಬ್ಯಾಲೆನ್ಸ್‌ಡ್ ಬೇಕಾ? ಸುಮ್ನೆ ಅದಕ್ಕಾಗಿಯೇ ದುಡ್ಡು ಕೊಡಬೇಡಿ. ಬ್ಯಾಲೆನ್ಸ್‌ಡ್ ಆಂಪ್ ಹೆಡ್‌ಫೋನಿನ ಎರಡೂ ತುದಿಯನ್ನು ಎದುರುಬದುರಾಗಿ ಓಡಿಸುತ್ತದೆ, ಹಾಗಾಗಿ ವೋಲ್ಟೇಜ್ ಎರಡರಷ್ಟು ಸಿಗುತ್ತದೆ. ಡಾಂಗಲ್‌ನಲ್ಲಿ ಇದು ನಿಜವಾಗಿ ಪ್ರಯೋಜನ, 2 ವೋಲ್ಟ್ ಇದ್ದದ್ದು 4 ಆಗುತ್ತದೆ. ಮೇಜಿನ ಆಂಪ್‌ನಲ್ಲಿ ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಇರುವುದರಿಂದ ಏನೂ ಲಾಭ ಇಲ್ಲ. ಒಂದು ಮಾತು ಮಾತ್ರ ಗೋಡೆ ಮೇಲೆ ಬರೆದಿಡಿ: ಬ್ಯಾಲೆನ್ಸ್‌ಡ್ ಜ್ಯಾಕಿಗೆ ಅಡಾಪ್ಟರ್ ಸಿಕ್ಕಿಸಿ ಮಾಮೂಲಿ ಮೂರು ಪಟ್ಟಿಯ ಪಿನ್ ಹಾಕಬೇಡಿ. ಎಡ ಬಲದ ಮೈನಸ್ ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ, ಆಂಪ್ ಸುಟ್ಟುಹೋಗಬಹುದು. ತಿರುಗಾ, ಅಂದರೆ ಬ್ಯಾಲೆನ್ಸ್‌ಡ್ ಕೇಬಲ್ಲನ್ನು ಅಡಾಪ್ಟರ್ ಮೂಲಕ ಮಾಮೂಲಿ ಜ್ಯಾಕಿಗೆ ಹಾಕುವುದು, ಪರವಾಗಿಲ್ಲ.

ಟ್ಯೂಬ್ ಸಲಹೆ ಕೊಟ್ಟವರು ಪೂರ್ತಿ ತಪ್ಪಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪ್‌ಗಳಿಗೆ ಕರೆಂಟ್ ಕಡಿಮೆ, ವೋಲ್ಟೇಜ್ ಧಾರಾಳ, ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ. 300 ಓಮ್ ಸೆನ್‌ಹೈಸರ್‌ಗೆ ಇದು ಹೇಳಿ ಮಾಡಿಸಿದ ಜೋಡಿ. ಬೇಸ್ ತುಸು ಉಬ್ಬಿ, ದನಿಗೆ ಒಂದು ಮೆರುಗು ಬರುತ್ತದೆ. ಆದರೆ ಅದೇ ಆಂಪ್‌ಗೆ ನಿಮ್ಮ ಐಇಎಂ ಹಾಕಿದರೆ ಸುಂಯ್ ಸದ್ದು, ಕೆಟ್ಟ ಬಣ್ಣ ಎರಡೂ ಸಿಗುತ್ತವೆ. ಪ್ಲೇನರ್ ಹಾಕಿದರೆ ಉಸಿರೇ ಬರದು. ಒಂದೇ ಆಂಪ್ ಎಲ್ಲಕ್ಕೂ ಬೇಕು ಅಂದವರಿಗೆ ಇದು ಅಲ್ಲ. ಎರಡನೆಯ ಆಂಪ್ ಆಗಿ, ಚಪಲಕ್ಕೆ, ಯಾವಾಗಲಾದರೂ ತಗೊಳ್ಳಿ.

ಯಾವುದೇ ಡಾಂಗಲ್ ಮೇಲೆ ಅನುಮಾನ ಬಂದರೆ ಮನೆಯಲ್ಲಿರುವ ಸಾದಾ ಮಲ್ಟಿಮೀಟರ್ ಸಾಕು. 50 ಹರ್ಟ್ಸ್‌ನ ಪೂರ್ತಿ ಮಟ್ಟದ ಟೋನ್ ಒಂದನ್ನು ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ. ಕೇಬಲ್ ಸಿಕ್ಕಿಸಿ ಅದರ ಇನ್ನೊಂದು ತುದಿಯ ಪಿನ್‌ನ ಮೂತಿಗೆ ಒಂದು ಕಡ್ಡಿ, ಬುಡದ ಪಟ್ಟಿಗೆ ಇನ್ನೊಂದು ಕಡ್ಡಿ ಮುಟ್ಟಿಸಿ. ಡಾಂಗಲ್ ಕೊಡುವ ವೋಲ್ಟೇಜ್ ಅಲ್ಲೇ ಕಾಣುತ್ತದೆ. ಕೆಲವು ಡಾಂಗಲ್‌ಗಳು ಹೆಡ್‌ಫೋನ್ ಇಲ್ಲದೆ ಎಚ್ಚರವೇ ಆಗುವುದಿಲ್ಲ, ಆಗ ಸ್ಪ್ಲಿಟರ್ ಹಾಕಿ ಒಂದು ಕಡೆ ಎಚ್‌ಡಿ 650 ಇರಲಿ (ತಲೆ ಮೇಲಲ್ಲ, ಮೇಜಿನ ಮೇಲೆ). ಔಟ್‌ಪುಟ್ ಇಂಪೀಡೆನ್ಸ್ ಕೂಡ ಹೀಗೇ ಸಿಗುತ್ತದೆ. ಮಟ್ಟವನ್ನು 1 ವೋಲ್ಟ್‌ಗೆ ಇಳಿಸಿ, 33 ಓಮ್‌ನ ರೆಸಿಸ್ಟರ್ ಒಂದನ್ನು ಆ ಎರಡು ಜಾಗಗಳ ನಡುವೆ ಸೇರಿಸಿ ಮತ್ತೆ ಅಳೆಯಿರಿ. 1 ವೋಲ್ಟ್ ಇದ್ದದ್ದು 0.9ಕ್ಕೆ ಇಳಿದರೆ ಆಂಪ್‌ನ ಒಳಗೆ ಸುಮಾರು 3.7 ಓಮ್ ಇದೆ ಅಂತ. 0.99ಕ್ಕೆ ಇಳಿದರೆ ಮೂರನೇ ಒಂದು ಓಮ್, ನಿಶ್ಚಿಂತೆ.

ಎರಡು ಆಂಪ್ ಹೋಲಿಸಿ ಕೇಳುವಾಗಲೂ ಈ ಮೀಟರ್ ಜೊತೆಗಿರಲಿ. ಎರಡರ ಸದ್ದನ್ನೂ ಅದರಲ್ಲೇ ಸರಿಸಮ ಮಾಡಿಕೊಳ್ಳಿ, ಕಿವಿಯಲ್ಲಿ ಅಲ್ಲ. ಅರ್ಧ ಡೆಸಿಬಲ್ ಹೆಚ್ಚು ಕಡಿಮೆಯಾದರೂ ಜೋರಿರುವುದೇ ಚೆನ್ನ ಅನಿಸುತ್ತದೆ, ಜೋರಿದೆ ಅಂತ ಮಾತ್ರ ಅನಿಸುವುದಿಲ್ಲ. ಯಾರಾದರೂ ಹಿಂದೆ ನಿಂತು ಬದಲಾಯಿಸಲಿ, ನೀವು ನೋಡಬೇಡಿ. ಒಳ್ಳೆಯ ಎರಡು ಆಂಪ್‌ಗಳ ನಡುವೆ ಹೀಗೆ ವ್ಯತ್ಯಾಸ ಹಿಡಿಯುವವರು ಬಹಳ ಕಡಿಮೆ. ಹೆಡ್‌ಫೋನಿನ ಬೆಲೆಯ ಅರ್ಧಕ್ಕಿಂತ ಜಾಸ್ತಿಯನ್ನು ಆಂಪ್‌ಗೆ ಹಾಕುವುದು ನನ್ನ ಪ್ರಕಾರ ಮೂಗಿಗಿಂತ ಮೂಗುತಿ ಭಾರ. ಆ ದುಡ್ಡಲ್ಲಿ ಎಚ್‌ಡಿ 650ರ ಸವೆದ ಕಿವಿ ಮೆತ್ತೆ ಬದಲಾಯಿಸಿ, ದನಿ ಖಂಡಿತ ಬದಲಾಗುತ್ತದೆ.

ಮೇಜಿನ ಆಂಪ್ ತಂದ ಮೇಲೆ ಗುಂಯ್ ಅನ್ನುವ ದಪ್ಪ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ತಿಂಗ್ ಸುತ್ತು, ಆಂಪ್‌ನ ದೋಷ ಅಲ್ಲ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಕೆಲವೊಮ್ಮೆ ಹೋಗುತ್ತದೆ. ಪ್ಲೇನರ್ ತೆಗೆದು ಐಇಎಂ ಹಾಕುವಾಗ ಗುಂಡಿಯನ್ನು ಸೊನ್ನೆಗೆ ತಂದು, ಗೇನ್ ಲೋಗೆ ಹಾಕಿ, ಪಿನ್ ಸಿಕ್ಕಿಸಿ, ಆಮೇಲೆ ಕಿವಿಗೆ ಹಾಕಿ. ಈ ಕ್ರಮ ತಪ್ಪಿಸಬೇಡಿ. ಆಂಪ್ ಬಂದ ಮೇಲೆ ಸದ್ದು ಏರಿಸುತ್ತಲೇ ಹೋಗುವ ಚಟವೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಸುರಕ್ಷಿತ ಅನ್ನುವುದು ವಾರಕ್ಕೆ 40 ಗಂಟೆ, 80 ಡೆಸಿಬಲ್. 90ಕ್ಕೆ ಏರಿಸಿದರೆ ಅದು ವಾರಕ್ಕೆ 4 ಗಂಟೆಗೆ ಇಳಿಯುತ್ತದೆ.

ಕೊನೆಗೆ ಮೈಕ್. ಈ ಆಂಪ್‌ಗಳ ಜ್ಯಾಕ್ ಕೇಳಲು ಮಾತ್ರ, ಮೈಕ್‌ಗೆ ಅಲ್ಲಿ ದಾರಿಯೇ ಇಲ್ಲ. ನಾಲ್ಕು ಪಟ್ಟಿಯ ಹೆಡ್‌ಸೆಟ್ ಪಿನ್ ಹಾಕಿದರೆ ಹಾಡು ಸಾಮಾನ್ಯವಾಗಿ ಬರುತ್ತದೆ, ನಿಮ್ಮ ಮಾತು ಹೋಗುವುದಿಲ್ಲ. ಕೆಲವು ಜ್ಯಾಕ್‌ಗಳಲ್ಲಿ ಪಟ್ಟಿಗಳು ಸರಿಯಾಗಿ ಕೂರದೆ ಹಾಡುವವರ ದನಿಯೇ ಮಾಯವಾಗಿ ಬರೀ ವಾದ್ಯ ಕೇಳಿಸುತ್ತದೆ. ಹಾಗಾದರೆ ಪಿನ್ನನ್ನು ಕೂದಲೆಳೆಯಷ್ಟು ಹೊರಗೆ ಎಳೆದು ನೋಡಿ, ಅಥವಾ ಹೆಡ್‌ಫೋನ್ ಮತ್ತು ಮೈಕನ್ನು ಬೇರೆ ಮಾಡುವ ವೈ ಆಕಾರದ ಅಡಾಪ್ಟರ್ ತಗೊಳ್ಳಿ. ಅದರ ಮೈಕ್ ತುದಿಯನ್ನು ಕಂಪ್ಯೂಟರಿನ ಮೈಕ್ ಜ್ಯಾಕಿಗೆ ಹಾಕಿ. ಕರೆಗಳಿಗೆ ಅಂತಾದರೆ ಆ ಆಪಲ್ ಡಾಂಗಲ್ಲನ್ನೇ ಇಟ್ಟುಕೊಳ್ಳಿ, ಅದರಲ್ಲಿ ಹೆಡ್‌ಸೆಟ್ ಮೈಕ್ ಕೆಲಸ ಮಾಡುತ್ತದೆ.